ಹದಿನೆಂಟು ನಿಮಿಷದ ಹಾಡು

ಬಾಣಂತನ ಮಾಡೋದಕ್ಕೆ ಅಂತ ಯಾರಾದರೂ ಸಪ್ತ ಸಮುದ್ರ ದಾಟಿ ಹೋಗ್ತಾರೆಯೇ ಅಂತ ನೀವು ಮೂಗಿನ ಮೇಲೆ ಬೆರಳಿಡಬಹುದು. ನಾನು ಹೋಗಿಬಂದೆ ನೋಡಿ! ತರೀಕೆರೆಯಿಂದ ಬೆಂಗಳೂರಿಗೆ ಹೊರಡಬೇಕಾದರೆ ಎರಡು ದಿನ ಮುಂಚೆಯೇ ತಲೆನೋವು ಶುರುವಾಗುವ ಹೆಂಗಸು ನಾನು. ಓದಿದ್ದು ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅಷ್ಟೆ. ಆದರೆ ತಂಗಿಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಕೂಸು. ಅಮ್ಮ ಇದ್ದಿದ್ದರೆ ಅಮ್ಮನೇ ಹೋಗುತ್ತಿದ್ದಳು. ಅಮ್ಮ ಇಲ್ಲ. "ಹೋಗಿ ಬಾ, ಮನೆ ನಾನು ನೋಡ್ಕೋತೀನಿ" ಅಂತ ನಮ್ಮವರು ಧೈರ್ಯ ಹೇಳಿದರು. ಅವರು ಮನೆ ನೋಡಿಕೊಂಡ ಚೆಂದ ಇನ್ನೊಂದು ಸಲ ಬರೆಯುತ್ತೇನೆ.

2024ರ ಅಕ್ಟೋಬರಿನಲ್ಲಿ ಅಂಟಿನುಂಡೆ, ಬಜೆ, ಓಮ, ಹಿಪ್ಪಲಿ ಎಲ್ಲ ಗಂಟು ಕಟ್ಟಿಕೊಂಡು ಮಸಾಚುಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಇಳಿದೆ. ಬರೆಯುವಾಗ ವೋರ್ಸೆಸ್ಟರ್ ಅಂತ ಉದ್ದಕ್ಕೆ ಬರೆದು, ಕರೆಯುವಾಗ ವೂಸ್ಟರ್ ಅಂತ ಮೊಟಕು ಮಾಡುತ್ತಾರೆ. ಅದೇಕೆ ಅಂತ ಕೇಳಿದರೆ ತಂಗಿಗೂ ಗೊತ್ತಿಲ್ಲ.

ಅಮೆರಿಕದ ದೊಡ್ಡ ದೊಡ್ಡ ಕಟ್ಟಡಗಳ ವಿಷಯ ಹೇಳುತ್ತೇನೆಂದು ಕಾಯಬೇಡಿ ಸೋದರಿಯರೇ. ನಾನು ನೋಡಿದ್ದು ಅಡಿಗೆಮನೆ, ಬಚ್ಚಲುಮನೆ, ಕಿಟಕಿಯಾಚೆಯ ಬೋಳು ಮರಗಳು. ಕೇಳಿದ್ದು ಮಾತ್ರ ಬೇಕಾದಷ್ಟು. ಯಾಕೆಂದರೆ ತಂಗಿಯ ಅಡಿಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಒಂದು ಹಳೇ ರೇಡಿಯೋ ಇದೆ. ಯಾರೋ ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಅಂಗಳದಲ್ಲಿಟ್ಟು ಮಾರಿದರಂತೆ, ಇವಳು ಎರಡು ಡಾಲರು ಕೊಟ್ಟು ತಂದಳಂತೆ. ಬೆಳಗಿನಿಂದ ರಾತ್ರಿಯವರೆಗೆ ಅದು ಹಾಡುತ್ತಲೇ ಇರುತ್ತದೆ.

"ಅಲ್ಲ ಕಣೇ, ಕೈಯಲ್ಲಿ ಫೋನಿದೆ, ಬೇಕಾದ ಹಾಡು ಬರುತ್ತೆ. ಈ ಡಬ್ಬಿ ಯಾಕೆ?" ಅಂದೆ.

"ಫೋನಿನಲ್ಲಿ ನಾವು ಕೇಳಿದ್ದು ಬರುತ್ತೆ ಅಕ್ಕಾ. ರೇಡಿಯೋದಲ್ಲಿ ಅವರು ಹಾಕಿದ್ದು ಬರುತ್ತೆ. ಮನೇಲಿ ಇನ್ನೊಬ್ಬರು ಇದ್ದ ಹಾಗಿರುತ್ತೆ" ಅಂದಳು.

ನಮ್ಮಮ್ಮನೂ ಹಾಗೆಯೇ. ಉಪ್ಪಿನಕಾಯಿ ಜಾಡಿಗಳ ಪಕ್ಕ ನಾಗಂದಿಗೆಯ ಮೇಲೆ ಅವಳ ರೇಡಿಯೋ. ಭದ್ರಾವತಿ ಆಕಾಶವಾಣಿ ನಮಗೆ ಹಿತ್ತಿಲ ಬಾಗಿಲಷ್ಟು ಹತ್ತಿರ. ಪ್ರದೇಶ ಸಮಾಚಾರ ಮುಗಿಯುವ ಹೊತ್ತಿಗೆ ಅನ್ನ ಬಸಿಯಬೇಕು, ಚಿತ್ರಗೀತೆ ಶುರುವಾದರೆ ನಮ್ಮ ಜಡೆ ಹೆಣೆದು ಮುಗಿದಿರಬೇಕು. ಗೋಡೆ ಗಡಿಯಾರ ನಿಂತು ಎಷ್ಟು ವರ್ಷವಾಗಿತ್ತೋ, ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನ್ನಿಸಲೇ ಇಲ್ಲ.

ನವೆಂಬರ್ ಮೊದಲ ವಾರದಲ್ಲಿ ಕೂಸು ಹುಟ್ಟಿತು. ಹೆಣ್ಣು. ಅಮ್ಮನ ಮೂಗು. ಮನೆಗೆ ಬಂದ ದಿನವೇ ನಾನು ಸಾಂಬ್ರಾಣಿ ಹಾಕಲು ಹೋಗಿ, ಸೂರಿನಲ್ಲಿದ್ದ ಹೊಗೆ ಗಂಟೆ ಕಿಟಾರನೆ ಕಿರುಚಿಕೊಂಡಿತು. ತಂಗಿಯ ಗಂಡ ಕುರ್ಚಿ ಹತ್ತಿ ಟವೆಲಿನಲ್ಲಿ ಗಾಳಿ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದರು. ಇನ್ನೊಂದು ಅವಾಂತರ ಕಸದ್ದು. ಆ ಊರಿನಲ್ಲಿ ಕಸಕ್ಕೆ ಊರಿನವರದೇ ಹಳದಿ ಚೀಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕು. ನನಗೇನು ಗೊತ್ತು? ಯಾವುದೋ ಕಪ್ಪು ಚೀಲಕ್ಕೆ ತುಂಬಿ ರಸ್ತೆ ಬದಿ ಇಟ್ಟುಬಂದೆ. ಸಾಲುಸಾಲು ಮನೆಗಳ ಮುಂದೆ ಹಳದಿ ಚೀಲವೆಲ್ಲ ಹೋಯಿತು, ನಮ್ಮದೊಂದು ಮಾತ್ರ ಬೀದಿಯಲ್ಲಿ ಕಪ್ಪಗೆ ಕೂತಿತ್ತು. ಸಂಜೆ ಹೋಗಿ ಹೊತ್ತು ತರುವಾಗ ಎದುರು ಮನೆಯಾಕೆ ನೋಡಿ ನಕ್ಕಳು. ಈ ಕಸದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಮ್ಮ ಸುಗ್ಗಿ ಇದ್ದ ಹಾಗೆ. ಬೆಳೆ ಕೈಗೆ ಬಂದಿತಲ್ಲ ಎಂದು ದೇವರಿಗೆ ಕೃತಜ್ಞತೆ. 1621ರಲ್ಲಿ ಇದೇ ಮಸಾಚುಸೆಟ್ಸಿನ ಪ್ಲಿಮತ್ ಎಂಬಲ್ಲಿ ಇಂಗ್ಲೆಂಡಿನಿಂದ ಬಂದವರೂ ಅಲ್ಲಿಯ ಮೂಲದವರಾದ ವಾಂಪನೋಗ್ ಜನರೂ ಮೂರು ದಿನ ಕೂಡಿ ಉಂಡರಂತೆ. ಆ ಮೂಲದವರ ಮಕ್ಕಳು ಮೊಮ್ಮಕ್ಕಳಿಗೆ ಈಗ ಅದು ಹಬ್ಬವಲ್ಲ. ನೆಲ ಕಳೆದುಕೊಂಡ ದುಃಖಕ್ಕೆ 1970ರಿಂದ ಅದೇ ಪ್ಲಿಮತ್ತಿನಲ್ಲಿ ಅದೇ ದಿನ ಸೇರಿ ಶೋಕ ದಿನ ಆಚರಿಸುತ್ತಾರೆ. ತಂಗಿ ಇದನ್ನು ಹೇಳಿದಾಗ, ಒಬ್ಬರ ಮನೆ ಹಬ್ಬ ಇನ್ನೊಬ್ಬರ ಮನೆ ಸೂತಕ ಅಂತ ನಮ್ಮಜ್ಜಿ ಅನ್ನುತ್ತಿದ್ದದ್ದು ನೆನಪಾಯಿತು.

ಹಬ್ಬಕ್ಕೆ ಎರಡು ವಾರವಿರುವಾಗಲೇ ರೇಡಿಯೋಗೆ ಹಬ್ಬದ ಗಾಳಿ ಹಿಡಿಯಿತು. ಒಂದು ಸ್ಟೇಷನ್ನು ಹಗಲೂ ರಾತ್ರಿ ಬರೀ ಕ್ರಿಸ್ಮಸ್ ಹಾಡು. ಈ ಹಬ್ಬವೇ ಮುಗಿದಿಲ್ಲ, ಮುಂದಿನದಕ್ಕೆ ಆಗಲೇ ಚಪ್ಪರ! ಮರಾಯ ಕ್ಯಾರಿ ಎಂಬಾಕೆ 1994ರಲ್ಲಿ ಹಾಡಿದ ಒಂದು ಹಾಡನ್ನು ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದರು. ನನ್ನ ಸೌಟೂ ಅದಕ್ಕೆ ತಾಳ ಹಾಕಲು ಕಲಿಯಿತು. 1942ರ ಬಿಂಗ್ ಕ್ರಾಸ್ಬಿಯವರ 'ವೈಟ್ ಕ್ರಿಸ್ಮಸ್' ಬಂದರೆ ಮಾತ್ರ ನಾನು ಒಲೆ ಸಣ್ಣ ಮಾಡಿ ಕೇಳುತ್ತಿದ್ದೆ. ಅರ್ಥ ತಿಳಿಯದಿದ್ದರೇನಂತೆ, ದನಿಯಲ್ಲಿ ಬೆಣ್ಣೆ ಇತ್ತು. ಭಾನುವಾರ ಬೆಳಿಗ್ಗೆ ಇನ್ನೊಂದು ಸ್ಟೇಷನ್ನಿನಲ್ಲಿ ಚರ್ಚಿನ ಹಾಡು. ಥ್ಯಾಂಕ್ಸ್‌ಗಿವಿಂಗ್‌ಗೆಂದೇ ಹಾಡುವ ಅದೊಂದು ಹಾಡು ಮೂಲದಲ್ಲಿ ಹಾಲೆಂಡಿನದು, ಸ್ಪೇನ್ ದೊರೆಯ ಮೇಲೆ ಯುದ್ಧವಾಡುತ್ತಿದ್ದ ಕಾಲದ್ದು ಅಂತ ತಂಗಿ ಹೇಳಿದಳು.

ಇನ್ನೊಂದು ಮಕ್ಕಳ ಹಾಡು ನನಗೆ ತುಂಬ ಹಿಡಿಸಿತು. ಹೊಳೆ ದಾಟಿ ಕಾಡು ದಾಟಿ, ಹಿಮದ ಮೇಲೆ ಜಾರುವ ಕುದುರೆ ಗಾಡಿಯಲ್ಲಿ ಅಜ್ಜನ ಮನೆಗೆ ಹಬ್ಬದೂಟಕ್ಕೆ ಹೋಗುವ ಹಾಡು. ಅದನ್ನು 1844ರಲ್ಲಿ ಬರೆದಾಕೆ ಲಿಡಿಯಾ ಮರಿಯಾ ಚೈಲ್ಡ್, ಅದೇ ರಾಜ್ಯದ ಮೆಡ್‌ಫರ್ಡ್ ಊರಿನವಳು. ಗುಲಾಮರ ಬಿಡುಗಡೆಗಾಗಿ ಹೋರಾಡಿದ ಹೆಂಗಸು. ಅದಕ್ಕೂ ಮುಂಚೆ 1829ರಲ್ಲಿ, ಕಡಿಮೆ ದುಡ್ಡಿನಲ್ಲಿ ಮನೆ ತೂಗಿಸುವುದು ಹೇಗೆಂದು ಗೃಹಿಣಿಯರಿಗೆ ಪುಸ್ತಕ ಬರೆದಿದ್ದಳಂತೆ. ನಮ್ಮ ಪೈಕಿಯೇ ಅನ್ನಿ!

ಮತ್ತೊಬ್ಬಾಕೆಯ ಕಥೆಯಂತೂ ಈ ಪತ್ರಿಕೆ ಓದುವವರು ತಿಳಿಯಲೇಬೇಕು. ಸಾರಾ ಜೋಸೆಫಾ ಹೇಲ್ ಅಂತ. ಐದು ಮಕ್ಕಳನ್ನಿಟ್ಟುಕೊಂಡು ಗಂಡನನ್ನು ಕಳೆದುಕೊಂಡವಳು. ಆಮೇಲೆ ಹೆಂಗಸರ ಮಾಸಪತ್ರಿಕೆಯೊಂದಕ್ಕೆ ನಲವತ್ತು ವರ್ಷ ಸಂಪಾದಕಿಯಾದಳು. ಹಬ್ಬದಡಿಗೆಯ ವಿಧಾನಗಳನ್ನೂ ಅಚ್ಚು ಹಾಕುತ್ತಾ, ಇಡೀ ದೇಶಕ್ಕೆ ಒಂದೇ ದಿನ ಥ್ಯಾಂಕ್ಸ್‌ಗಿವಿಂಗ್ ಆಗಬೇಕೆಂದು ವರ್ಷಾನುಗಟ್ಟಲೆ ಒಬ್ಬರಾದ ಮೇಲೊಬ್ಬರು ಅಧ್ಯಕ್ಷರಿಗೆ ಕಾಗದ ಬರೆದಳು. ಕೊನೆಗೆ 1863ರಲ್ಲಿ ಅಬ್ರಹಾಂ ಲಿಂಕನ್ ಹೂಂ ಅಂದರು. ಈಕೆಯ ಪದ್ಯ ನಿಮಗೆಲ್ಲ ಗೊತ್ತು. ನಿಮ್ಮ ಮಕ್ಕಳು ಕಾನ್ವೆಂಟಿನಿಂದ ಬಂದು ಕೈಕಟ್ಟಿ ಒಪ್ಪಿಸುವ ಮೇರಿಯ ಕುರಿಮರಿಯ ಪದ್ಯ ಈಕೆಯದೇ, 1830ರದು. 1877ರಲ್ಲಿ ಎಡಿಸನ್ ತಾನು ಮಾಡಿದ ಫೋನೋಗ್ರಾಫ್ ಯಂತ್ರದಲ್ಲಿ ದನಿ ಮುದ್ರಿಸಲು ನೋಡಿದಾಗ ಆತ ಹೇಳಿದ್ದೂ ಇದೇ ಪದ್ಯ. ಈ ಹಾಡು, ರೆಕಾರ್ಡು, ರೇಡಿಯೋ ಅನ್ನುವುದಕ್ಕೆಲ್ಲ ಮೊದಲ ಮಾತು ಅಡಿಗೆ ವಿಧಾನ ಅಚ್ಚು ಹಾಕುತ್ತಿದ್ದ ಒಬ್ಬ ಹೆಂಗಸಿನದು ಅಂದರೆ ಎಷ್ಟು ಹೆಮ್ಮೆ, ಹೌದೋ ಅಲ್ಲವೋ?

ನವೆಂಬರ್ 28, ಗುರುವಾರ. ಹಬ್ಬದ ದಿನ. ಹೊರಗೆ ಮಳೆ, ಮೈ ಕೊರೆಯುವ ಚಳಿ. ಟಿ.ವಿ.ಯಲ್ಲಿ ನ್ಯೂಯಾರ್ಕಿನ ಮೆರವಣಿಗೆ ತೋರಿಸುತ್ತಿದ್ದರು. ಆನೆಗಿಂತ ದೊಡ್ಡ ಬಲೂನುಗಳೆಲ್ಲ ಮಳೆಯಲ್ಲಿ ತೊಯ್ಯುತ್ತಾ ಸಾಗುತ್ತಿದ್ದವು. ತಂಗಿಯ ಗಂಡನದು ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸ, ಹಬ್ಬವೆಂದು ರಜವಿಲ್ಲ, ಹೋಗಿದ್ದರು. ನಮ್ಮಲ್ಲಿ ಟರ್ಕಿ ಕೋಳಿಯ ಗೊಡವೆ ಇರಲಿಲ್ಲ. ಬಾಣಂತಿಗೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ (ಅಲ್ಲೂ ಸಿಗುತ್ತೆ ರೀ!), ನಮ್ಮಿಬ್ಬರಿಗೆ ಸಿಹಿಗುಂಬಳದ ಹುಳಿ, ಕ್ರ್ಯಾನ್‌ಬೆರಿ ಗೊಜ್ಜು. ಕ್ರ್ಯಾನ್‌ಬೆರಿ ಅನ್ನೋದು ಆ ರಾಜ್ಯದ ಜೌಗು ನೆಲದಲ್ಲಿ ಬೆಳೆಯುವ ಕೆಂಪು ಹುಳಿಹಣ್ಣು. ಒಗ್ಗರಣೆಗೆ ಇಂಗು ಸಾಸಿವೆ ಹಾಕಿ ಹಣ್ಣು ಬಾಡಿಸಿದರೆ ಪಟಪಟ ಒಡೆಯುತ್ತದೆ. ಬೆಲ್ಲ, ಉಪ್ಪು, ಸಾರಿನ ಪುಡಿ, ಎಳ್ಳು ಪುಡಿ ಬೆರೆಸಿ ಗಟ್ಟಿ ಬರುವ ತನಕ ಕುದಿಸುವುದು. ಹುಣಿಸೆಹಣ್ಣು ಬೇಡವೇ ಬೇಡ. ನಿಮ್ಮಲ್ಲಿ ಕವಳಿಕಾಯಿ ಸಿಕ್ಕಿದರೆ ಅದರಲ್ಲೇ ಮಾಡಿ ನೋಡಿ, ಬೆಲ್ಲ ಸ್ವಲ್ಪ ಮುಂದಿರಲಿ.

ಗೊಜ್ಜು ಇಳಿಸಿ, ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಕೂತಾಗ ಹನ್ನೆರಡು ಗಂಟೆ. ಅಡಿಗೆಮನೆಯಲ್ಲೇ ಬೆಚ್ಚಗಿರುತ್ತದೆಂದು ಅಲ್ಲೇ ಟಬ್ಬು ಇಟ್ಟುಕೊಂಡಿದ್ದೆ. ತಂಗಿ ಸ್ಕಾರ್ಫ್ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ರೇಡಿಯೋದಲ್ಲಿ ಗಿಟಾರು ಶುರುವಾಯಿತು.

ನನ್ನ ಕೈ ಅಲ್ಲೇ ನಿಂತಿತು. ಆ ಗಿಟಾರು ನಾನು ಕೇಳಿದ್ದೆ. ಅಮೆರಿಕ ನೋಡುವುದಕ್ಕೆ ಮೂರು ವರ್ಷ ಮೊದಲು, ನಮ್ಮ ತರೀಕೆರೆಯ ಮನೆಯಲ್ಲಿ, ಫೋನಿನೊಳಗೆ.

ಅದನ್ನು ಈಗ ಹೇಳಬೇಕು. ಅಮ್ಮ ತೀರಿಹೋದದ್ದು 2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆಯಲ್ಲಿ. ಲಾಕ್‌ಡೌನು, ಮಣ್ಣಿಗೆ ನಾಲ್ಕು ಜನ ಇರಲಿಲ್ಲ. ತಂಗಿ ಬರಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಗುವವರನ್ನು ಆ ತಿಂಗಳು ಅಮೆರಿಕದವರು ತಡೆದಿದ್ದರು, ಬಂದರೆ ತಿರುಗಿ ಹೋಗುವಂತಿರಲಿಲ್ಲ. ಅದು ಬುದ್ಧಿಗೆ ಗೊತ್ತು. ಆದರೆ ಆಸ್ಪತ್ರೆ ಬಾಗಿಲಲ್ಲಿ ನಿಂತವಳು ನಾನೊಬ್ಬಳೇ ಅಲ್ಲವೇ? ಹೊಟ್ಟೆಗೆ ಬುದ್ಧಿ ಎಲ್ಲಿಯದು! ಆರು ತಿಂಗಳಾದ ಮೇಲೆ, ನವೆಂಬರಿನಲ್ಲಿ, ಅಮ್ಮನಿಗೆ ಎಡೆ ಇಟ್ಟು, ಬಂದವರಿಗೆ ಬಡಿಸಿ, ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ರಾತ್ರಿ ಹತ್ತೂವರೆ. ತಂಗಿಗೆ ಫೋನ್ ಮಾಡಿದೆ. ಅವಳಿಗೆ ಆಗ ಮಧ್ಯಾಹ್ನ ಹನ್ನೆರಡು. "ಅಕ್ಕಾ" ಅಂದಳು. ಹಿಂದೆ ಗಿಟಾರು. ಒಬ್ಬ ಗಂಡಸು ಏನೋ ಹೇಳುತ್ತಿದ್ದಾನೆ, ಒಂದು ಗುಂಪೇ ಗೊಳ್ಳೆಂದು ನಗುತ್ತಿದೆ. ಅಮ್ಮ ಹೋಗಿ ಆರು ತಿಂಗಳಾಗಿದೆ, ಇವಳು ಜನ ಸೇರಿಸಿಕೊಂಡು ಹಬ್ಬ ಮಾಡ್ತಿದಾಳೆ ಅಂದುಕೊಂಡೆ. ಮಾತಾಡದೆ ಕಟ್ ಮಾಡಿದೆ. ಆಮೇಲೆ ಮೂರು ತಿಂಗಳು ನಾನಾಗಿ ಫೋನ್ ಮಾಡಲಿಲ್ಲ. ಅವಳು ಮಾಡಿದರೆ ಹೂಂ, ಉಹೂಂ. ಕಾಲ ಕಳೆದ ಹಾಗೆ ಮಾತುಕತೆ ಸರಿಹೋಯಿತು ಅನ್ನಿ. ಆದರೆ ಆ ನಗು ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು. ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ವಿಮಾನ ಹತ್ತಿದ್ದೆ.

"ಏನೇ ಇದು ಹಾಡು?" ಅಂದೆ, ಕೂಸಿನ ಕಾಲು ತಿಕ್ಕುತ್ತಾ.

"ಇದಾ? ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹಾಕ್ತಾರೆ ಅಕ್ಕಾ. ಹದಿನೆಂಟೂವರೆ ನಿಮಿಷ ಬರುತ್ತೆ. ಇಲ್ಲಿ ಮಾತ್ರ ಅಲ್ಲ, ಎಷ್ಟೋ ಊರಿನ ಸ್ಟೇಷನ್‌ಗಳಲ್ಲಿ ಇದೇ ರೂಢಿ" ಅಂದಳು.

ಹಾಡಿನ ಹೆಸರು 'ಆಲಿಸಸ್ ರೆಸ್ಟೋರೆಂಟ್'. ಹಾಡಿದವರು ಆರ್ಲೋ ಗತ್ರಿ, ರೆಕಾರ್ಡಾಗಿ ಬಂದದ್ದು 1967ರಲ್ಲಿ. ಹಾಡು ಅನ್ನುವುದಕ್ಕಿಂತ ನಮ್ಮ ಹರಿಕಥೆ ಅನ್ನಿ. ಪಲ್ಲವಿ ಇಷ್ಟೇ ಇಷ್ಟು, ಉಪಕಥೆ ಮಾರುದ್ದ. ಗಿಟಾರು ಒಂದೇ ಸಮನೆ ನುಡಿಯುತ್ತಿರುತ್ತದೆ, ಅದರ ಮೇಲೆ ಆತ ದಾಸರಂತೆ ಮಾತಾಡುತ್ತಾ ಹೋಗುತ್ತಾನೆ. ತಂಗಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು, ನಾನು ಕೂಸಿಗೆ ಎರೆಯುತ್ತಾ ಕೇಳಿದೆ.

ಏನು ಕಥೆ ಅಂತೀರಿ? ಕಸದ ಕಥೆ! 1965ರ ಥ್ಯಾಂಕ್ಸ್‌ಗಿವಿಂಗ್. ಅದೇ ರಾಜ್ಯದ ಪಶ್ಚಿಮಕ್ಕೆ ಗ್ರೇಟ್ ಬ್ಯಾರಿಂಗ್ಟನ್ ಎಂಬಲ್ಲಿ ಆಲಿಸ್ ಬ್ರಾಕ್ ಎಂಬಾಕೆ ಗಂಡನೊಡನೆ ಒಂದು ಹಳೇ ಚರ್ಚಿನ ಕಟ್ಟಡದಲ್ಲಿ ಸಂಸಾರ ಮಾಡುತ್ತಿದ್ದಳು. ಹದಿನೆಂಟು ವರ್ಷದ ಆರ್ಲೋ ಮತ್ತು ಗೆಳೆಯ ಅವರ ಮನೆಗೆ ಹಬ್ಬದೂಟಕ್ಕೆ ಹೋದರು. ಅಲ್ಲಿ ಕಸ ರಾಶಿ ಬಿದ್ದಿತ್ತು. ಉಂಡ ಮನೆಗೆ ಉಪಕಾರವಾಗಲಿ ಅಂತ ವ್ಯಾನಿಗೆ ತುಂಬಿಕೊಂಡು ಹೊರಟರೆ, ಹಬ್ಬದ ರಜ, ಕಸ ಹಾಕುವ ಜಾಗಕ್ಕೆ ಬೀಗ! ಗುಡ್ಡದ ಕೆಳಗೆ ಸುರಿದು ಬಂದರು. ಕಸದಲ್ಲಿ ಸಿಕ್ಕ ಒಂದು ಲಕೋಟೆಯ ಹೆಸರು ಹಿಡಿದು ಸ್ಟಾಕ್‌ಬ್ರಿಡ್ಜ್ ಊರಿನ ಪೋಲೀಸರು ಬಂದು ಹಿಡಿದೇಬಿಟ್ಟರು. ಫೋಟೋ ಏನು, ನಕ್ಷೆ ಏನು, ಕೊಲೆ ಕೇಸಿನಂತೆ ಸಾಕ್ಷಿ ಕಲೆ ಹಾಕಿದ್ದೇನು! ನ್ಯಾಯಾಧೀಶರ ಮುಂದೆ ಫೋಟೋ ಹಿಡಿದರೆ ಪಾಪ, ಅವರಿಗೆ ಕಣ್ಣೇ ಕಾಣದು. ಕೊನೆಗೆ ದಂಡ ಕಟ್ಟಿಸಿ ಕಸ ಎತ್ತಿಸಿದರು. ಆ ಹುಡುಗರನ್ನು ಕೂರಿಸಿ ಬಡಿಸಿದವಳೂ ಆಲಿಸ್, ಜಾಮೀನು ಕೊಟ್ಟು ಬಿಡಿಸಿಕೊಂಡು ಬಂದವಳೂ ಆಲಿಸ್. ನನಗೆ ಕಥೆಯಲ್ಲಿ ಕಂಡದ್ದು ಆಕೆಯೇ.

ನನ್ನ ಕಪ್ಪು ಚೀಲ ನೆನಪಾಗಿ ನಗು ಉಕ್ಕಿತು. "ಅದಕ್ಕೇ ಎದುರು ಮನೆಯಾಕೆ ನಕ್ಕಿದ್ದು ಕಣೇ, ನನ್ನನ್ನೂ ಪೋಲೀಸರು ಹಿಡೀತಾರೆ ಅಂತ" ಅಂದೆ. ತಂಗಿ ಹೊಲಿಗೆ ಹಿಡಿದುಕೊಂಡು ನಕ್ಕಳು.

ಆದರೆ ಅರ್ಧ ಹಾಡಾದ ಮೇಲೆ ಕಥೆ ಯುದ್ಧಕ್ಕೆ ತಿರುಗುತ್ತದೆ. ಆಗ ವಿಯೆಟ್ನಾಂ ಯುದ್ಧ; ಗಂಡುಹುಡುಗರನ್ನು ಕರೆಕರೆದು ಸೈನ್ಯಕ್ಕೆ ಹಾಕುತ್ತಿದ್ದರು. ಇವನನ್ನೂ ಕರೆದು ಕೇಳಿದರಂತೆ: ನೀನು ಕಸ ಹಾಕಿ ದಂಡ ಕಟ್ಟಿದವನು, ಜನರನ್ನು ಕೊಲ್ಲುವ ಕೆಲಸಕ್ಕೆ ಯೋಗ್ಯನೋ ಅಲ್ಲವೋ? ಅಲ್ಲಿ ಜನ ಗೊಳ್ಳೆಂದು ನಕ್ಕರು. ಅದೇ ನಗು.

ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಕೇಳಿದೆ, "ಯಾರೇ ಅವರು, ನಗುವವರು?"

"ಜನರ ಮುಂದೆ ಹಾಡಿ ರೆಕಾರ್ಡ್ ಮಾಡಿದ್ದು ಅಕ್ಕಾ. ಆಗ ಎದುರಿಗೆ ಕೂತಿದ್ದವರು. 1967ರ ನಗು."

ನನಗೆ ಗಂಟಲು ಒಣಗಿತು. "ಅಮ್ಮ ಹೋದ ವರ್ಷ ಈ ದಿನ ನಾನು ಫೋನ್ ಮಾಡಿದ್ದೆ. ನಿಮ್ಮನೇಲಿ ಜನ ಸೇರಿದ್ದರಲ್ಲ" ಅಂದೆ.

"ಯಾವ ಜನ?" ಅವಳು ನನ್ನನ್ನೇ ನೋಡಿದಳು. "ಇವರು ಡ್ಯೂಟಿಗೆ ಹೋಗಿದ್ರು. ನಾನೊಬ್ಬಳೇ. ಅಲ್ಲಿ ನೀನು ಎಡೆ ಇಡ್ತೀಯ ಅಂತ ಗೊತ್ತಿತ್ತಲ್ಲ, ಇಲ್ಲೂ ಒಂದು ತಟ್ಟೆಯಲ್ಲಿ ಇಡೋಣ ಅಂತ ಒಬ್ಬಟ್ಟು ಮಾಡ್ತಿದ್ದೆ. ಹೂರಣ ನೀರಾಗಿಬಿಟ್ಟಿತ್ತು. ಏನು ಮಾಡಬೇಕು ಅಂತ ಕೇಳೋಣ ಅಂದ್ರೆ ಫೋನ್ ಕಟ್ ಆಯ್ತು. ನೆಟ್‌ವರ್ಕ್ ಹೋಯ್ತೇನೋ, ಮತ್ತೆ ಮಾಡ್ತೀಯ ಅಂತ ಕಾದೆ."

ನಾನು ಏನೂ ಹೇಳಲಿಲ್ಲ. ಏನು ಹೇಳಲಿ? ಹೂರಣ ನೀರಾದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಬೇಕು ಅಂತ ಮೂರು ವರ್ಷ ಬಿಟ್ಟು ಹೇಳಲೇ? ರೇಡಿಯೋದಲ್ಲಿ ಆತ ಎದುರಿಗಿದ್ದವರನ್ನೆಲ್ಲ ಜೊತೆಗೆ ಹಾಡಿಸುತ್ತಿದ್ದ. ಕೂಸಿಗೆ ಅಂಗಿ ಹಾಕಿ ಅವಳ ಮಡಿಲಲ್ಲಿಟ್ಟೆ. ನಾನು ಎಣ್ಣೆ ಹಚ್ಚಲು ಕೂತಾಗ ಶುರುವಾದ ಹಾಡು, ಎರೆದು, ಒರೆಸಿ, ಸುತ್ತಿ ಮುಗಿಸಿದರೂ ಇನ್ನೂ ಮುಗಿದಿರಲಿಲ್ಲ.

ಹಾಡಾದ ಮೇಲೆ ರೇಡಿಯೋದವರು ಏನೋ ಮೆಲ್ಲನೆ ಹೇಳಿದರು. ಹಾಡಿನ ಆ ಆಲಿಸ್ ಬ್ರಾಕ್ ತೀರಿಕೊಂಡು ಸರಿಯಾಗಿ ಒಂದು ವಾರವಾಗಿತ್ತಂತೆ, ನವೆಂಬರ್ 21ಕ್ಕೆ, 83 ವರ್ಷ. ಸ್ಟಾಕ್‌ಬ್ರಿಡ್ಜಿನಲ್ಲಿ ಪುಟ್ಟ ಹೋಟೆಲು ನಡೆಸಿದವಳು, 1969ರಲ್ಲಿ ಅಡಿಗೆ ಪುಸ್ತಕ ಬರೆದವಳು, ಆಮೇಲೆ ಚಿತ್ರ ಬರೆಯುತ್ತಾ ಕಡಲ ತೀರದಲ್ಲಿದ್ದವಳು. ಆಕೆ ವಾಸವಿದ್ದ ಚರ್ಚನ್ನು 1991ರಲ್ಲಿ ಆರ್ಲೋ ಗತ್ರಿಯವರೇ ಕೊಂಡರು ಅಂತ ತಂಗಿ ಹೇಳಿದಳು. ಮುಖ ಕಂಡವಳಲ್ಲ, ಮಾತು ಕೇಳಿದವಳಲ್ಲ. ಆದರೂ ನನಗೆ ಕಣ್ಣು ತುಂಬಿತು. ಆಲಿಸ್‌ಗಾಗಿಯೇ ಅಂತ ತಂಗಿ ತಿಳಿದುಕೊಂಡಿರಬೇಕು. ತಿಳಿದುಕೊಳ್ಳಲಿ ಬಿಡಿ.

ಊಟಕ್ಕೆ ಕೂತಾಗ ಬಾಣಂತಿಯ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದೆ. "ಸಾಕು ಅಕ್ಕಾ" ಅಂದಳು. "ತಿನ್ನೇ ಸುಮ್ನೆ" ಅಂದೆ. ಮಧ್ಯಾಹ್ನ ಅವಳು ಮಲಗಿದ ಮೇಲೆ ಕಡಲೆಬೇಳೆ ಬೇಯಲು ಇಟ್ಟೆ. ಬಾಣಂತಿಗೆ ಒಬ್ಬಟ್ಟು ಜಡವಾಗುತ್ತೆ ಅಂತ ನೀವು ಬಯ್ಯಬಹುದು. ಒಂದೇ ಒಂದು ಕೊಟ್ಟೆ, ಅದೂ ಅಮ್ಮನ ಫೋಟೋ ಮುಂದೆ ಇಟ್ಟು ತೆಗೆದದ್ದು.

ಸಂಜೆ ಆರು ಗಂಟೆಗೆ ಅದೇ ಸ್ಟೇಷನ್ನಿನಲ್ಲಿ ಮತ್ತೆ ಅದೇ ಗಿಟಾರು. ದಿನಕ್ಕೆರಡು ಸಲ ಹಾಕುತ್ತಾರಂತೆ. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಆಗಲೇ ನಮ್ಮವರ ಫೋನು. ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಾನಿಲ್ಲದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವೋ, ಕಾಫಿ ಪುಡಿ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗಿತ್ತೋ!

"ಏನೇ ಅದು, ಅಷ್ಟೊಂದು ಜನ ನಗ್ತಿದಾರೆ? ಮನೆಗೆ ಯಾರು ಬಂದಿದಾರೆ?" ಅಂದರು.

"ಯಾರೂ ಇಲ್ಲ ರೀ, ರೇಡಿಯೋ. ಕಟ್ ಮಾಡಬೇಡಿ, ಸ್ವಲ್ಪ ಕೇಳಿ" ಅಂತ ಹಿಟ್ಟಿನ ಕೈಯಲ್ಲೇ ಫೋನನ್ನು ಫ್ರಿಜ್ಜಿನ ಮೇಲೆ ಇಟ್ಟೆ.